ಮನೆವಾರ್ತೆ: ಗಾಡಿಮನೆಗೆ ಕರೆಂಟು



ನಮ್ಮ ಧರ್ಮಕೇಂದ್ರದ ಎರಡು ಮೂರು ಮನೆಗಳ ಹಿರಿಯರು ಈ ಸಲ ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೊರಟಿದ್ದಾರೆ. "ಮಗ ಆರ್‌ವಿ ಬಾಡಿಗೆಗೆ ಹಿಡಿದಿದ್ದಾನಂತೆ, ಅದೆಂಥದು?" ಎಂದು ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿ ಅಂಗಳದಲ್ಲಿ ಒಬ್ಬರು ಕೇಳಿದರು. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಬಸ್ಸಿನಂಥ ಗಾಡಿ. ಹಗಲು ಓಡಿಸುವುದು, ಸಂಜೆ ಅದಕ್ಕೆಂದೇ ಇರುವ ತಂಗುದಾಣದಲ್ಲಿ ನಿಲ್ಲಿಸಿ ಕರೆಂಟು, ನೀರು ಜೋಡಿಸಿಕೊಳ್ಳುವುದು. ನಾವಿಬ್ಬರೂ 2019ರಲ್ಲಿ ಮಗಳು ಅಳಿಯನ ಜತೆ ಅಂಥ ಗಾಡಿಯಲ್ಲಿ ನಾಲ್ಕು ದಿನ ತಿರುಗಿದ್ದೇವೆ. ಬೆಟ್ಟ, ಹೊಳೆ, ಕಾಡು ಎಲ್ಲ ಚೆಂದವೇ. ಆದರೆ ಹೋಗುವವರಿಗೆ ಹೇಳಲೇಬೇಕಾದದ್ದು ಆ ಕರೆಂಟಿನ ವಿಷಯ.

ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್, ಅಲ್ಲಿ 120. ಗಾಡಿ ನಿಲ್ಲುವ ಪ್ರತಿ ಜಾಗದಲ್ಲೂ ಸೊಂಟದೆತ್ತರದ ಒಂದು ಕಂಬ, ಅದರಲ್ಲಿ ಸಾಕೆಟ್‌ಗಳು. ಮೂರು ಕಡ್ಡಿಯ 30 ಆಂಪಿಯರ್ ಸಾಕೆಟಿನಿಂದ ಸಿಗುವುದು 3,600 ವಾಟ್. ನಾಲ್ಕು ಕಡ್ಡಿಯ 50 ಆಂಪಿಯರ್ ಸಾಕೆಟಿನಲ್ಲಿ ಎರಡು ಲೈವ್ ತಂತಿಗಳು, ಆದ್ದರಿಂದ ಒಟ್ಟು 12,000 ವಾಟ್. ಕೆಲವು ಕಂಬಗಳಲ್ಲಿ ಎರಡೂ ಇರುತ್ತವೆ, ಕೆಲವದರಲ್ಲಿ ಒಂದೇ. ಗಾಡಿಯ ಪ್ಲಗ್ಗಿಗೂ ಕಂಬದ ಸಾಕೆಟಿಗೂ ಹೊಂದದಿದ್ದರೆ ನಡುವೆ ಅಡಾಪ್ಟರ್ ಹಾಕಬೇಕು. ಎರಡು ತುದಿಗೂ ದಪ್ಪ ತಲೆ, ನಡುವೆ ಗೇಣುದ್ದದ ಕೇಬಲ್. ಅದಕ್ಕೆ ಅಲ್ಲಿನವರು ನಾಯಿಮೂಳೆ ಅನ್ನುತ್ತಾರೆ! ಕಂಡರೆ ಹೆಸರು ಸರಿಯೇ ಅನ್ನಿಸುತ್ತದೆ.

ನಮ್ಮದು 50ರ ಗಾಡಿ, ಸಿಕ್ಕಿದ್ದು 30ರ ಕಂಬ. ಅಳಿಯ ಅಂಗಡಿಗೆ ಓಡಿ ಅಡಾಪ್ಟರ್ ತಂದು ಸಿಕ್ಕಿಸಿ "ಆಯ್ತಲ್ಲ ಮಾವ" ಅಂದ. ದೀಪ ಹತ್ತಿತು. ಎ.ಸಿ. ಹಾಕಿದೆವು, ನೀರು ಕಾಯಿಸುವುದಕ್ಕೂ ಸ್ವಿಚ್ ಒತ್ತಿದೆವು. ಮಗಳು ಮೀನು ಸಾರು ಬಿಸಿಗಿಡಲು ಮೈಕ್ರೋವೇವ್ ತಿರುಗಿಸಿದ್ದೇ ತಡ, ಎಲ್ಲ ಕತ್ತಲೆ. ಮತ್ತೆ ಹಾಕಿದರೂ ಅದೇ. ಲೆಕ್ಕ ಹಾಕಿ ನೋಡಿ: ಎ.ಸಿ.ಗೆ ಸುಮಾರು 1,500 ವಾಟ್, ನೀರಿನ ಹೀಟರಿಗೆ 1,440, ಮೈಕ್ರೋವೇವಿಗೆ ಮತ್ತೊಂದು 1,500. ಕಂಬದಲ್ಲಿರುವುದೇ 3,600.

ಅಡಿಕೆ ತೋಟಕ್ಕೆ ಪೈಪ್ ಎಳೆದವರಿಗೆ ಇದು ಗೊತ್ತಿರುವ ಮಾತು. ಒಂದಿಂಚಿನ ಪೈಪಿಗೆ ರೆಡ್ಯೂಸರ್ ಹಾಕಿ ಎರಡಿಂಚಿನದನ್ನು ಜೋಡಿಸಬಹುದು, ನೀರು ಮಾತ್ರ ಒಂದಿಂಚಿನಷ್ಟೇ ಬರುವುದು. ಅಡಾಪ್ಟರ್ ಪ್ಲಗ್ಗಿನ ಆಕಾರವನ್ನು ಬದಲಾಯಿಸುತ್ತದೆ, ಹಿಂದಿರುವ ಕರೆಂಟನ್ನಲ್ಲ. ಮರುದಿನದಿಂದ ನಾವು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಹಾಕುತ್ತಿದ್ದೆವು.

ಕೊಳ್ಳುವಾಗ ಎರಡು ತುದಿಯಲ್ಲೂ ಬರೆದಿರುವ ಆಂಪಿಯರ್ ಓದಬೇಕು, ಯು.ಎಲ್. ಗುರುತು ಇದೆಯೇ ನೋಡಬೇಕು. ಉದ್ದದ ವಯರ್ ಬೇಕಾದರೆ 30 ಆಂಪಿಯರಿಗೆ 10 ಗೇಜಿನದು. ಅಲ್ಲಿನ ಲೆಕ್ಕದಲ್ಲಿ ಅಂಕೆ ಚಿಕ್ಕದಾದಷ್ಟೂ ತಂತಿ ದಪ್ಪ, ಮೋಸಹೋಗಬೇಡಿ. ವಯರನ್ನು ಸುರುಳಿ ಸುತ್ತಿ ಬಿಟ್ಟರೆ ಬಿಸಿಯಾಗುತ್ತದೆ, ಬಿಚ್ಚಿ ಹಾಕಿ. ಮನೆಯ ಸಾಮಾನ್ಯ 15 ಆಂಪಿಯರ್ ಸಾಕೆಟಿಗೂ ಅಡಾಪ್ಟರ್ ಸಿಗುತ್ತದೆ. ಅದರಲ್ಲಿ ದೀಪ, ಫ್ಯಾನು, ಫೋನು ಸರಿ, ಎ.ಸಿ. ಬೇಡ. ಇನ್ನೊಂದು ಅಪಾಯವಿದೆ. ನೆಂಟರ ಮನೆಯಂಗಳದಲ್ಲಿ ಗಾಡಿ ನಿಲ್ಲಿಸಲು ಯಾರಾದರೂ 30 ಆಂಪಿಯರ್ ಸಾಕೆಟ್ ಹಾಕಿಸಿದರೆ, ಗಾಡಿಯ ಪರಿಚಯವಿಲ್ಲದ ವಯರ್‌ಮನ್ ಅದನ್ನು ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ ಎಂದುಕೊಂಡು 240 ವೋಲ್ಟ್ ಕೊಟ್ಟುಬಿಡುವುದುಂಟು. ಗಾಡಿಯೊಳಗಿನ ಸಾಮಾನು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಮೀಟರ್ ಹಿಡಿದು ನೋಡದೆ ಅಂಥಲ್ಲಿ ಪ್ಲಗ್ ಹಾಕಬಾರದು.

ಮೂರನೆಯ ದಿನ ಬೇರೆ ಊರು, ಬೇರೆ ತಂಗುದಾಣ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ. ಮನೆಯವಳು ಬರಿಗಾಲಲ್ಲಿ ಬಂದು ಬಾಗಿಲಿನ ಹಿಡಿಗೆ ಕೈ ಹಾಕಿದವಳು "ಜುಮ್ ಅಂತು" ಅಂದಳು. ಮಗಳು ನಕ್ಕು "ಅಮ್ಮಾ, ಚಳಿಗೆ" ಅಂದಳು. ನಾವೂ ನಕ್ಕೆವು. ಅಷ್ಟರಲ್ಲಿ ಐದು ವರ್ಷದ ಮೊಮ್ಮಗ ಒದ್ದೆ ಕಾಲಲ್ಲೇ ಓಡಿ ಬರುತ್ತಿದ್ದ. ಮನೆಯವಳು ಅವನನ್ನು ಎತ್ತಿಕೊಂಡು, ಯಾರೂ ಗಾಡಿ ಮುಟ್ಟಬೇಡಿ ಎಂದು ಕೂಗಿದಳು. ಪಕ್ಕದ ಗಾಡಿಯ ಅಜ್ಜ ತಮ್ಮ ಪರೀಕ್ಷೆಯ ಪೆಟ್ಟಿಗೆ ತಂದು ಕಂಬಕ್ಕೆ ಸಿಕ್ಕಿಸಿದರು. ಅರ್ತಿಂಗ್ ಇಲ್ಲ ಎಂದು ತೋರಿಸಿತು. ಗಾಡಿ ರಬ್ಬರ್ ಚಕ್ರದ ಮೇಲೆ ನಿಂತಿರುತ್ತದೆ. ಕಂಬದಲ್ಲಿ ಅರ್ತಿಂಗ್ ಕಡಿದಿದ್ದರೆ, ಒಳಗಿನ ಉಪಕರಣಗಳಿಂದ ಸೋರುವ ಕರೆಂಟು ಗಾಡಿಯ ಲೋಹದ ಮೈಯಲ್ಲೇ ಉಳಿಯುತ್ತದೆ. ಒದ್ದೆ ನೆಲದಲ್ಲಿ ನಿಂತು ಮುಟ್ಟಿದವರೇ ಅದಕ್ಕೆ ದಾರಿ. ಬ್ರೇಕರ್ ಬೀಳುವುದೂ ಇಲ್ಲ, ದೀಪ ಆರುವುದೂ ಇಲ್ಲ. ಎಂಥ ಒಳ್ಳೆಯ ಅಡಾಪ್ಟರ್ ಆದರೂ ಇಲ್ಲದ ಅರ್ತಿಂಗನ್ನು ತಂದುಕೊಡಲಾರದು. ಕಂಬದ ಬ್ರೇಕರ್ ಆಫ್ ಮಾಡಿ, ಪ್ಲಗ್ ಕಿತ್ತು, ಬೇರೆ ಜಾಗ ಕೇಳಿ ಪಡೆದೆವು. ಆ ರಾತ್ರಿ ಜಪಸರಕ್ಕೆ ಕುಳಿತಾಗ ಮನೆಯವಳು ಮಗುವನ್ನು ತೊಡೆಯಿಂದ ಇಳಿಸಲಿಲ್ಲ.

ಅಂಥ ಪೆಟ್ಟಿಗೆ ಸ್ವಲ್ಪ ದುಬಾರಿ. ಆದರೂ ಮಕ್ಕಳಿಗೆ ಹೇಳಿ ತರಿಸಿಕೊಳ್ಳಿ, ಬಾಡಿಗೆ ಕೊಡುವವರಲ್ಲೂ ಕೇಳಿ. ಮೊದಲು ಬ್ರೇಕರ್ ಆಫ್, ಆಮೇಲೆ ಪೆಟ್ಟಿಗೆ, ಅದು ಸರಿ ಅಂದ ಮೇಲೆ ಗಾಡಿಯ ಪ್ಲಗ್. ಬಿಡಿಸುವಾಗಲೂ ಬ್ರೇಕರ್ ಆಫ್ ಮಾಡಿಯೇ.

ನಮ್ಮ ಊರಲ್ಲೂ ಇದೇ ಕಥೆ ಇದೆಯಲ್ಲ! 2,000 ವಾಟಿನ ಗೀಸರಿನ ದಪ್ಪ ಪ್ಲಗ್ಗನ್ನು ಕನ್ವರ್ಶನ್ ಪ್ಲಗ್ ಮೂಲಕ 6 ಆಂಪಿಯರ್ ಸಾಕೆಟಿಗೆ ಸಿಕ್ಕಿಸುತ್ತೇವೆ. ಅದು ಎಳೆಯುವುದು ಸುಮಾರು 8.7 ಆಂಪಿಯರ್. ಹಬ್ಬದ ಪೆಂಡಾಲಿನಲ್ಲಿ ಪ್ಲಗ್ ಇಲ್ಲದ ವಯರಿನ ತುದಿಗಳನ್ನು ಬೆಂಕಿಕಡ್ಡಿ ಸೇರಿಸಿ ಸಾಕೆಟಿಗೆ ಸಿಕ್ಕಿಸಿರುವುದನ್ನೂ ಕಂಡಿದ್ದೇವೆ. ಅದರಲ್ಲಿ ಅರ್ತಿಂಗ್ ಎಲ್ಲಿಂದ ಬರಬೇಕು?

ಇನ್ನು ಅಲ್ಲಿಂದ ಬರುವಾಗ ತರುವ ಸಾಮಾನು. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಇಲ್ಲಿ ಪಿನ್ ಬದಲಿಸುವ ಅಡಾಪ್ಟರ್ ಸಾಕು. ಬರೇ 120 ಎಂದಿರುವ ಮಿಕ್ಸಿ, ಕುಕ್ಕರುಗಳಿಗೆ ಸಾಲದು. ಮಗಳು ಪ್ರೀತಿಯಿಂದ ಕಟ್ಟಿಕೊಟ್ಟ ರೈಸ್ ಕುಕ್ಕರನ್ನು ನಾವು ಇದನ್ನೆಲ್ಲ ಕಲಿತು ಬಂದ ಮೇಲೂ ಮರೆತು ಸಿಕ್ಕಿಸಿದೆವು. ಅದರ ಒಳಪಾತ್ರೆಯಲ್ಲಿ ಈಗ ಕೋಳಿಗಳಿಗೆ ನೀರಿಡುತ್ತೇವೆ.