‘ಮೆಡಿಕಲ್ ಪಾಸ್’ ಆದರೆ ಸಾಕೇ?

ನಮ್ಮ ಮನೆಗಳಲ್ಲಿ ‘ಮೆಡಿಕಲ್’ ಅಂದ ಕೂಡಲೇ ನೆನಪಾಗುವುದು ಆರೋಗ್ಯವಲ್ಲ, ವೀಸಾ. ಗಲ್ಫ್‌ಗೆ ಹೊರಟ ಹುಡುಗ ಎದೆಯ ಎಕ್ಸ್‌ರೇ ತೆಗೆಸಿ, ರಕ್ತ ಕೊಟ್ಟು, ‘ಫಿಟ್’ ಎಂಬ ಕಾಗದ ಕೈಗೆ ಬರುವವರೆಗೆ ಉಮ್ಮನಿಗೆ ನಿದ್ದೆ ಇಲ್ಲ. ‘ಅನ್‌ಫಿಟ್’ ಅಂದರೆ ಏಜೆಂಟನಿಗೆ ಕೊಟ್ಟ ದುಡ್ಡೂ ಹೋಯಿತು, ಕೆಲಸವೂ ಹೋಯಿತು. ಹೀಗೆ ತಪಾಸಣೆ ಅಂದರೆ ನಮ್ಮಿಂದ ಏನನ್ನೋ ಕಿತ್ತುಕೊಳ್ಳುವ ಸಂಗತಿ ಎಂಬ ಹೆದರಿಕೆ ಎರಡು ತಲೆಮಾರಿನಿಂದ ನಮ್ಮೊಳಗೆ ಕೂತುಬಿಟ್ಟಿದೆ.

ಆ ಪರೀಕ್ಷೆ ಮುಖ್ಯವಾಗಿ ಹುಡುಕುವುದು ಕ್ಷಯ, ಎಚ್‌ಐವಿ, ಹೆಪಟೈಟಿಸ್‌ನಂಥ ಹರಡುವ ಕಾಯಿಲೆಗಳನ್ನು. ಬಿಪಿ, ಶುಗರ್ ನೋಡಿದರೂ ಅದು ಆ ದಿನದ ಲೆಕ್ಕ ಮಾತ್ರ. ಊರಲ್ಲೇ ಉಳಿದ ಹೆಂಡತಿಗೆ, ಉಮ್ಮನಿಗೆ ಅಷ್ಟೂ ಇಲ್ಲ. ಕೊನೆಯ ಹೆರಿಗೆಯ ನಂತರ ತೋಳಿಗೆ ಬಿಪಿ ಪಟ್ಟಿಯನ್ನೇ ಕಟ್ಟಿಸಿಕೊಳ್ಳದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂದು ನೀವೇ ನಿಮ್ಮ ಮನೆಯಲ್ಲಿ ಕೇಳಿ ನೋಡಿ.

ಈ ಮಾತು ಈಗ ಎತ್ತಲು ಕಾರಣವಿದೆ. ರಾಜ್ಯ ಸರಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯನ್ನು 2025ರಲ್ಲಿ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿದೆ. ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಸಿಬ್ಬಂದಿ ಮನೆಗೇ ಬಂದು, 30 ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ನ ಸಂಶಯವಿದ್ದರೆ ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ.

ಇದರ ಬೆಲೆ ತಿಳಿಯಬೇಕಾದರೆ ಒಮ್ಮೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನೋಡಬೇಕು. ಘಟ್ಟ ಹತ್ತಿ ಹುಬ್ಬಳ್ಳಿ ದಾಟಿ ಪುಣೆ ಕಡೆಗೆ ಲಾರಿ ಓಡಿಸುವ ನಮ್ಮ ಹುಡುಗರಿಗೆ ಕಿತ್ತೂರು ಗೊತ್ತು, ಹೆದ್ದಾರಿಯ ಮೇಲೇ ಇದೆ. ಅಲ್ಲಿ ಎದೆನೋವು ಬಂದರೆ ಬೆಳಗಾವಿಗೋ ಧಾರವಾಡಕ್ಕೋ ಒಂದು ತಾಸಿನೊಳಗೆ ಮುಟ್ಟಬಹುದು. ರಾಮದುರ್ಗ ಹಾಗಲ್ಲ. ನೇಕಾರರು ಹೆಚ್ಚಿರುವ ಆ ತಾಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು ನೂರು ಕಿಲೋಮೀಟರ್. ಸವದತ್ತಿಯ ಹಳ್ಳಿಗಳೂ ಹೆಚ್ಚುಕಡಿಮೆ ಅದೇ ಕತೆ. ಹೃದಯಾಘಾತದ ಮೊದಲ ಗಂಟೆಗಳು ದಾರಿಯಲ್ಲೇ ಕಳೆದುಹೋಗುತ್ತವೆ. ಅದಕ್ಕೆಂದೇ ‘ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಆದರೂ ಆಸ್ಪತ್ರೆ ದೂರ ಇದ್ದಷ್ಟೂ ಕಾಯಿಲೆಯನ್ನು ಮೊದಲೇ ಹಿಡಿಯುವುದರ ಬೆಲೆ ಹೆಚ್ಚು. ಆಶಾ ಬಾಗಿಲಿಗೆ ಬಂದಾಗ “ನನಗೇನಾಗೈತ್ರಿ, ಗಟ್ಟಿ ಅದೀನಿ” ಎಂದು ಕಬ್ಬಿನ ಗದ್ದೆಗೆ ಹೋಗುವವನೇ ಹೆಚ್ಚು ಅಪಾಯದಲ್ಲಿರುವವನು.

ನಮ್ಮದು ಇದರ ತಲೆಕೆಳಗು. ದಕ್ಷಿಣ ಕನ್ನಡ ಒಂದರಲ್ಲೇ ಏಳೆಂಟು ಮೆಡಿಕಲ್ ಕಾಲೇಜುಗಳಿವೆ. ಉಳ್ಳಾಲದಲ್ಲಿ ನಿಂತು ಕೂಗಿದರೆ ಆಸ್ಪತ್ರೆಗೆ ಕೇಳುತ್ತದೆ. ಅದಕ್ಕೇ ಏನೋ, “ಏನಾದ್ರೂ ಆದ್ರೆ ಹೋದ್ರಾಯ್ತು” ಎಂಬ ಧೈರ್ಯ. ಬಿಪಿಯಾಗಲಿ ಶುಗರ್ ಆಗಲಿ ‘ಏನಾದ್ರೂ ಆಗುವ’ ತನಕ ತೋರಿಸಿಕೊಳ್ಳುವುದೇ ಇಲ್ಲ. 140/90 ಮೀರಿದ ಬಿಪಿ ವರ್ಷಗಟ್ಟಲೆ ನೋವಿಲ್ಲದೆ ಕಿಡ್ನಿಯನ್ನು, ಹೃದಯವನ್ನು ತಿನ್ನುತ್ತಿರುತ್ತದೆ. ಬರಿಹೊಟ್ಟೆಯ ಶುಗರ್ 126 ದಾಟಿದವನಿಗೂ ಅನೇಕ ಸಲ ಒಂದು ಸುಸ್ತು ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ.

2025ರಲ್ಲಿ ಹಾಸನದಲ್ಲಿ ಚಿಕ್ಕ ವಯಸ್ಸಿನವರ ಸಾಲು ಸಾಲು ಹೃದಯಾಘಾತದ ಸುದ್ದಿ ಬಂದಾಗ ಏನಾಯಿತೆಂದು ನೆನಪಿದೆಯಲ್ಲ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆಯಿಂದಲೇ ಕ್ಯೂ. ಜಯದೇವದ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿದಾಗ ಕಂಡದ್ದು ಹೊಸ ನಿಗೂಢ ರೋಗವಲ್ಲ. ಶುಗರ್, ಬಿಪಿ, ಧೂಮಪಾನದಂಥ ಹಳೆಯ ಶತ್ರುಗಳೇ. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರೂ ಇದ್ದರು. ಸ್ಟೇರಿಂಗ್ ಹಿಡಿದೇ ಬದುಕುವ ಎಷ್ಟೋ ಮನೆಗಳಿರುವ ನಮಗೆ ಇದು ದೂರದ ಸುದ್ದಿಯಲ್ಲ. ಹೆದರಿ ಒಂದು ದಿನ ಇಸಿಜಿ ತೆಗೆಸುವುದು ತಪಾಸಣೆಯಲ್ಲ, ಸಮಾಧಾನ ಅಷ್ಟೆ. ಇವತ್ತು ಸರಿ ಇರುವ ಇಸಿಜಿ, ನಾಳೆ ಹೃದಯಾಘಾತ ಆಗುವುದಿಲ್ಲ ಎಂದೇನೂ ಹೇಳುವುದಿಲ್ಲ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಲ್ಯಾಬುಗಳು ಜಾಹೀರಾತು ಕೊಡುವ ‘ಫುಲ್ ಬಾಡಿ ಪ್ಯಾಕೇಜ್’ ಎಲ್ಲರಿಗೂ ಬೇಕಿಲ್ಲ. ರೋಗಲಕ್ಷಣ ಇಲ್ಲದವರಿಗೆ ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ಮಾಡಿಸುವುದರಿಂದ ಸಾವು ಕಡಿಮೆಯಾಗುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ 2019ರಲ್ಲಿ ಹೇಳಿತು. ಹಾಗಾದರೆ ಯಾವುದು ಉಪಯೋಗ? ನಮ್ಮ ದೇಶದಲ್ಲೇ ಉತ್ತರ ಇದೆ, ಅದಕ್ಕೆ ದೊಡ್ಡ ಮಷೀನೂ ಬೇಡ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ ಇಪ್ಪತ್ತು ವರ್ಷ ಗಮನಿಸಿದರು. ತರಬೇತಿ ಪಡೆದ ಕಾರ್ಯಕರ್ತೆಯರು, ಡಾಕ್ಟರರಲ್ಲ, ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದ ಗುಂಪಿನಲ್ಲಿ 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಶೇ. 30ರ ಹತ್ತಿರ ಇಳಿಯಿತು. ವಿನೆಗರ್‌ನಂಥ ದ್ರಾವಣ ಹಚ್ಚಿ ಗರ್ಭಕಂಠ ನೋಡುವ ಸರಳ ಪರೀಕ್ಷೆಯಿಂದ ಆ ಕ್ಯಾನ್ಸರಿನ ಸಾವು ಶೇ. 31 ಕಡಿಮೆಯಾಯಿತು. ತಿರುವನಂತಪುರದಲ್ಲಿ ತಂಬಾಕು, ಮದ್ಯದ ಅಭ್ಯಾಸವಿದ್ದವರ ಬಾಯಿಯನ್ನು ಬೆಳಕು ಹಿಡಿದು ನೋಡಿದ್ದರಿಂದಲೂ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ತಗ್ಗಿತು. ಜರ್ದಾ, ಗುಟ್ಕಾ ಬಾಯಲ್ಲಿಟ್ಟುಕೊಂಡೇ ದಿನ ಕಳೆಯುವವರು ಇಲ್ಲೂ ಇದ್ದಾರೆ, ರಾಮದುರ್ಗದಲ್ಲೂ ಇದ್ದಾರೆ. ಕೆನ್ನೆಯೊಳಗೆ ಬಿಳಿ ಕಲೆ, ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ಇಂದೇ ತೋರಿಸಬೇಕು.

ಗೃಹ ಆರೋಗ್ಯದವರು ತರುವುದು ಈ ಬಗೆಯ ಸರಳ ತಪಾಸಣೆಗಳನ್ನೇ. ತೊಡಕು ಇರುವುದು ಬಾಗಿಲಲ್ಲಿ. ಸ್ತನ, ಗರ್ಭಕಂಠ ಎಂದರೆ ನಮ್ಮ ಹೆಂಗಸರಿಗೆ ನಾಚಿಕೆ, ಗಂಡಸರಿಗೆ ಮುಜುಗರ. ಪರೀಕ್ಷೆ ಮಾಡುವವರು ಮಹಿಳಾ ಸಿಬ್ಬಂದಿಯೇ ಎಂದು ಮೊದಲೇ ತಿಳಿಸಿದರೆ, ಜಮಾಅತ್ ಕಚೇರಿಯಲ್ಲೋ ಮದ್ರಸ ಹಾಲ್‌ನಲ್ಲೋ ಹೆಂಗಸರಿಗೆ ಬೇರೆ ದಿನ ಇಟ್ಟರೆ ಅರ್ಧ ಕೆಲಸ ಆಗುತ್ತದೆ. ರಕ್ತದಾನ ಶಿಬಿರಕ್ಕೆ ನಮ್ಮವರು ತೋರಿಸುವ ಹುರುಪಿನ ಕಾಲು ಭಾಗ ಸಾಕು.

ಪತ್ತೆಯಾದ ಮೇಲೆ ಇನ್ನೊಂದು ಸೋಲು ಕಾದಿರುತ್ತದೆ. ಬಿಪಿ ಮಾತ್ರೆ ಒಂದು ತಿಂಗಳು ತಿಂದು, ನಂಬರ್ ಸರಿ ಬಂದ ಕೂಡಲೇ “ಈಗ ಸರಿಯಾಯ್ತಲ್ಲ” ಎಂದು ಬಿಡುವುದು. ರಮಝಾನಿನಲ್ಲಿ ಶುಗರ್ ಮಾತ್ರೆಯನ್ನು ತಾವೇ ನಿಲ್ಲಿಸುವವರೂ ಇದ್ದಾರೆ. ಉಪವಾಸಕ್ಕೆ ಒಂದು ತಿಂಗಳು ಮೊದಲೇ ಡಾಕ್ಟರ್ ಬಳಿ ಹೋದರೆ ಮಾತ್ರೆಯ ಹೊತ್ತು, ಪ್ರಮಾಣ ಹೊಂದಿಸಿ ಕೊಡುತ್ತಾರೆ. ಉಪವಾಸ ಹಿಡಿಯಬಾರದಂಥವರು ಯಾರೆಂದೂ ಅವರೇ ಹೇಳುತ್ತಾರೆ.

ರಜೆಗೆ ಬರುವ ನಮ್ಮ ಗಲ್ಫ್ ಅಣ್ಣಂದಿರಿಗೂ ಒಂದು ವಿನಂತಿ. ಉಡುಗೊರೆಯ ಪೆಟ್ಟಿಗೆ ಬಿಚ್ಚಿದ ಮರುದಿನ ಮನೆಯವರನ್ನೂ ಕರೆದುಕೊಂಡು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಹೋಗಿ. ಆಶಾ ಬಂದಾಗ ಫಾರಂನಲ್ಲಿ ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗೆ ಬಿಪಿ, ಶುಗರ್ ಇದೆ ಎಂದೆಲ್ಲ ಕೇಳುತ್ತಾರೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಂಕ ಏರುತ್ತದೆ. “ಇವರು ಊರಲ್ಲಿಲ್ಲ, ಬಂದ ಮೇಲೆ ಕೇಳಿ” ಎಂದು ಬಾಗಿಲು ಹಾಕಿದರೆ ಆ ಮನೆಯ ಹೆಂಗಸಿನ ಫಾರಂ ಕೂಡ ಖಾಲಿಯಾಗಿಯೇ ಕೇಂದ್ರಕ್ಕೆ ವಾಪಸ್ ಹೋಗುತ್ತದೆ.