ಸಹಿ ಬಿದ್ದ ಅಂಗಿ

ಮಗನ ಸಂಸಾರವನ್ನು ನೋಡಿಬರಲೆಂದು ಕೆನಡಾಕ್ಕೆ ಹೋಗಿ, ಟೊರಾಂಟೊ ನಗರದ ಹೊರವಲಯದಲ್ಲಿ ನಾಲ್ಕು ತಿಂಗಳು ಇದ್ದು ಹಿಂದಿರುಗಿದ ಮೇಲೆ, ಕಂಡ ಕಂಡ ಮಿತ್ರರೆಲ್ಲರೂ ನಯಾಗರಾ ಜಲಪಾತದ ವಿಚಾರವನ್ನೇ ಕೇಳುತ್ತಾರೆ. ಜಲಪಾತವನ್ನು ನಾನು ನೋಡಿದ್ದು ನಿಜ. ಅದರ ಬಗ್ಗೆ ಹೇಳಬೇಕಾದುದನ್ನು ನನಗಿಂತ ಸಮರ್ಥರಾದವರು ಎಂದೋ ಹೇಳಿಬಿಟ್ಟಿದ್ದಾರೆ. ಇಂದಿಗೂ ನನ್ನನ್ನು ಬಿಡದೆ ಜಿಜ್ಞಾಸೆಗೆ ಎಳೆಯುತ್ತಿರುವ ವಸ್ತುವೆಂದರೆ ಮಗನ ಮನೆಯ ಹಜಾರದ ಗೋಡೆಯ ಮೇಲಿದ್ದ ಒಂದು ಅಂಗಿ.

ಅಂಗಿಯೆಂದರೆ ಹಾಕಿ ಆಟಗಾರರು ತೊಡುವ ಜೆರ್ಸಿ. ಕರಿಯ ಮರದ ಚೌಕಟ್ಟು, ಮುಂದೆ ಗಾಜು, ಒಳಗೆ ತೋಳುಗಳನ್ನು ಒಪ್ಪವಾಗಿ ಮಡಿಚಿ ಬೆನ್ನಿನ ಭಾಗ ಕಾಣುವಂತೆ ಬಿಗಿದು ಕೂರಿಸಿದ ಬಟ್ಟೆ. ಬೆನ್ನ ಮೇಲಿನ ದೊಡ್ಡ ಅಂಕೆಯ ನಡುವೆ ಕಪ್ಪು ಶಾಯಿಯಲ್ಲಿ ಒಂದು ಸಹಿ. ಅದರ ಕೆಳಗೆ 31/50 ಎಂಬ ಬರಹ. ಮೂಲೆಯಲ್ಲಿ ಮಿನುಗುವ ಒಂದು ಚಿಕ್ಕ ಚೀಟಿ. ನಮ್ಮ ಮನೆಗಳಲ್ಲಿ ಹಜಾರದ ಆ ಸ್ಥಳವನ್ನು ತೀರಿಹೋದ ಹಿರಿಯರ ಭಾವಚಿತ್ರಕ್ಕೋ ತಿರುಪತಿಯ ಪಟಕ್ಕೋ ಮೀಸಲಿಡುವುದು ವಾಡಿಕೆ. ಹೋದ ದಿನವೇ, "ಇದು ಯಾರದಯ್ಯಾ?" ಎಂದು ಕೇಳಿದೆ. ಮಗ ಒಬ್ಬ ನಿವೃತ್ತ ಆಟಗಾರನ ಹೆಸರು ಹೇಳಿದ.

"ಅವನು ತೊಟ್ಟುಕೊಂಡು ಆಡಿದ ಅಂಗಿಯೋ?"

"ಇಲ್ಲಪ್ಪ, ತೊಟ್ಟದ್ದಲ್ಲ. ಸಹಿ ಮಾಡಿದ್ದು. ಇಂಥವು ಐವತ್ತೇ ಇರೋದು."

ಕೊಟ್ಟ ಹಣವೆಷ್ಟೆಂದು ವಿಚಾರಿಸಿದೆ. ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡುವ ದುರಭ್ಯಾಸವಿದ್ದ ಕಾರಣ ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಕೆನಡಾದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಆಡುವ ಹಾಕಿ. ಕೊಡಗಿನ ಮಿತ್ರರು ಮೈದಾನದ ಹಾಕಿಯ ವಿಷಯದಲ್ಲಿ ತೋರುವ ಅಭಿಮಾನವನ್ನು ಒಂದು ಮಹಾದೇಶದ ಅಗಲಕ್ಕೆ ಹಿಗ್ಗಿಸಿದರೆ ಅಲ್ಲಿಯ ಜನರ ಮನಸ್ಸು ಅರ್ಥವಾದೀತು. ಟೊರಾಂಟೊದಲ್ಲಿ ಆ ಆಟದ ಮಹನೀಯರಿಗಾಗಿ ಒಂದು ಸ್ಮಾರಕಭವನವಿದೆ. ಅದರ ಮುಖ್ಯಭಾಗ 1885ರಲ್ಲಿ ಕಟ್ಟಿದ ಹಳೆಯ ಬ್ಯಾಂಕು. ಲಾರ್ಡ್ ಸ್ಟ್ಯಾನ್ಲಿ ಹತ್ತು ಗಿನಿ ತೆತ್ತು ಮಾಡಿಸಿದ ಮೊದಲ ಬೆಳ್ಳಿಯ ಬಟ್ಟಲನ್ನು ಆ ಬ್ಯಾಂಕಿನ ಭದ್ರಕೋಣೆಯಲ್ಲಿಯೇ ಇರಿಸಿದ್ದಾರೆ. ಆಟದ ಗುಡಿಗೆ ಹಣದ ಮನೆಯೇ ಗರ್ಭಗೃಹವಾದದ್ದು ಆಕಸ್ಮಿಕವಿರಬಹುದು. ಆದರೂ ನನಗೆ ಮಗನ ಗೋಡೆಯ ಅಂಗಿ ನೆನಪಾಗದೆ ಇರಲಿಲ್ಲ.

ಈ ಅಂಗಿಗಳ ವ್ಯವಹಾರವನ್ನು ತಿಳಿಯದ ವಾಚಕರಿಗಾಗಿ ಎರಡು ಮಾತು. ಪ್ರಸಿದ್ಧ ಆಟಗಾರನೊಡನೆ ಒಂದು ಕಂಪೆನಿ ಒಪ್ಪಂದ ಮಾಡಿಕೊಳ್ಳುತ್ತದೆ. ಆತನನ್ನು ಒಂದು ಮೇಜಿನ ಮುಂದೆ ಕೂರಿಸಿ, ಹೊಸ ಜೆರ್ಸಿಗಳನ್ನು ಒಂದಾದ ಮೇಲೊಂದು ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ಆತ ಅಂಕೆಯ ಮೇಲೆ ಮಾರ್ಕರ್ ಪೆನ್ನಿನಿಂದ ಸಹಿ ಹಾಕುತ್ತಾನೆ. ಕಂಪೆನಿಯ ಸಾಕ್ಷಿಯೊಬ್ಬ ಪಕ್ಕದಲ್ಲಿ ನಿಂತು ನೋಡುತ್ತಾನೆ. ಪ್ರತಿಯೊಂದಕ್ಕೂ ಕ್ರಮಸಂಖ್ಯೆಯುಳ್ಳ ಹೊಲೊಗ್ರಾಂ ಚೀಟಿ ಅಂಟುತ್ತದೆ, ಪ್ರಮಾಣಪತ್ರವೂ ಸಿಗುತ್ತದೆ. ಇಷ್ಟೇ ಮಾಡುತ್ತೇವೆ, ಇದಕ್ಕಿಂತ ಒಂದನ್ನೂ ಹೆಚ್ಚು ಮಾಡುವುದಿಲ್ಲ ಎಂದು ಕಂಪೆನಿ ಸಾರುತ್ತದೆ. ಈ ಸಾರಿಕೆಗೆ ಸೀಮಿತ ಆವೃತ್ತಿ ಎಂದು ಹೆಸರು. ಆವೃತ್ತಿಯ ಸಂಖ್ಯೆಯನ್ನು ಅನೇಕ ವೇಳೆ ಆಟಗಾರನ ಅಂಗಿಯ ಅಂಕೆಗೆ ಹೊಂದಿಸುತ್ತಾರೆ. 99ನೆಯ ಅಂಕೆಯ ವೇನ್ ಗ್ರೆಟ್ಸ್ಕಿಗೆ ತೊಂಬತ್ತೊಂಬತ್ತು ಎಂಬಂತೆ. ಆ ತೊಂಬತ್ತೊಂಬತ್ತರಲ್ಲಿಯೂ ಮೊದಲನೆಯದಕ್ಕೆ ಮತ್ತು ಕೊನೆಯದಕ್ಕೆ ಹೆಚ್ಚು ಬೆಲೆ. ನಡುವಿನವು ಪಂಕ್ತಿಯಲ್ಲಿ ಕುಳಿತ ಸಾಮಾನ್ಯ ಬ್ರಾಹ್ಮಣರು.

ಜೆರ್ಸಿಯಲ್ಲಿಯೂ ಅಂತರಗಳಿವೆ. ಮಾರಾಟಕ್ಕೆಂದೇ ಹೊಲಿದ ಅಗ್ಗದ ಪ್ರತಿಕೃತಿ ಒಂದು ಬಗೆ. ಆಟಗಾರರು ತೊಡುವ ಮಾದರಿಯಲ್ಲಿಯೇ ದಪ್ಪ ಬಟ್ಟೆಯಿಂದ ಮಾಡಿದ್ದು ಇನ್ನೊಂದು ಬಗೆ. ಎರಡನೆಯದರ ಒಳಗೆ ಬೆನ್ನಿನ ಕೆಳಭಾಗದಲ್ಲಿ ಒಂದು ಪಟ್ಟಿಯಿರುತ್ತದೆ. ಆಟದ ನಡುವೆ ಹೊಡೆದಾಟವಾದಾಗ ಎದುರಾಳಿಯು ಅಂಗಿಯನ್ನು ತಲೆಯ ಮೇಲಕ್ಕೆ ಎಳೆದು ಕಣ್ಣುಕಟ್ಟದಂತೆ ಅದನ್ನು ಚಲ್ಲಣಕ್ಕೆ ಬಿಗಿಯುವ ಏರ್ಪಾಡು ಅದು. ಎಂದೂ ಯಾರೂ ತೊಡದೆ, ಯಾರೊಡನೆಯೂ ಹೊಡೆದಾಡದೆ ಗಾಜಿನ ಹಿಂದೆ ಆಯುಷ್ಯ ಕಳೆಯುವ ಅಂಗಿಗೂ ಆ ಪಟ್ಟಿಯಿದೆಯೇ ಎಂದು ಸಂಗ್ರಾಹಕರು ಮಗುಚಿ ನೋಡುತ್ತಾರೆ. ಇದ್ದರೆ ಬೆಲೆ ಏರುತ್ತದೆ.

ನನ್ನ ತಕರಾರು ಆರಂಭವಾಗುವುದು ಇಲ್ಲಿಂದ. ಜೆರ್ಸಿ ಎಂಬುದು ಹುಟ್ಟಿನಿಂದಲೇ ಸಮವಸ್ತ್ರ. ಇವನೂ ನಮ್ಮವನೇ ಎಂದು ದೂರದಿಂದ ಗುರುತು ಹತ್ತಲೆಂದು ಅದನ್ನು ಹೊಲಿಯುತ್ತಾರೆ. ಕೆನಡಾದ ಲೇಖಕ ರಾಕ್ ಕ್ಯಾರಿಯೆ 1979ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಒಂದು ಸಣ್ಣಕಥೆಯ ವಸ್ತುವೇ ಇದು. ಕ್ವಿಬೆಕ್ ಪ್ರಾಂತದ ಹಳ್ಳಿಯೊಂದರ ಹುಡುಗರೆಲ್ಲರೂ ಮಾಂಟ್ರಿಯಲ್ ತಂಡದ ಮೋರಿಸ್ ರಿಷಾರನ ಭಕ್ತರು. ಎಲ್ಲರ ಬೆನ್ನ ಮೇಲೂ ಅವನ 9ನೆಯ ಅಂಕೆ. ಒಬ್ಬ ಹುಡುಗನ ಹಳೆಯ ಅಂಗಿ ಚಿಕ್ಕದಾದಾಗ ತಾಯಿ ಈಟನ್ ಅಂಗಡಿಗೆ ಅಂಚೆಯ ಮೂಲಕ ಹೊಸದನ್ನು ತರಿಸುತ್ತಾಳೆ. ಬಂದದ್ದು ಪರಮ ವೈರಿಯಾದ ಟೊರಾಂಟೊ ತಂಡದ ಅಂಗಿ. ಅದನ್ನೇ ತೊಟ್ಟು ಹೋದ ಹುಡುಗನ ಪಾಡು ಕಥೆ. ಅದರ ಒಂದು ತುಣುಕನ್ನು 2002ರಲ್ಲಿ ಹೊರಬಂದ ಕೆನಡಾದ ಐದು ಡಾಲರ್ ನೋಟಿನ ಮೇಲೆ ಅಚ್ಚುಮಾಡಿದ್ದರು. ಆ ಹುಡುಗನ ಸಂಕಟವನ್ನು ಗಮನಿಸಬೇಕು. ಇಡೀ ಹಳ್ಳಿಯಲ್ಲಿ ಅಂಥ ಅಂಗಿ ಅವನಿಗೊಬ್ಬನಿಗೇ ಇತ್ತು! ಇಂದಿನ ವರ್ತಕನ ಲೆಕ್ಕದಲ್ಲಿ ಅದು ಒಂದರಲ್ಲಿ ಒಂದು. ಹುಡುಗನಿಗಾದರೋ ಅದು ಬೇಡದ ವಸ್ತು. ಅವನಿಗೆ ಬೇಕಾಗಿದ್ದುದು ಎಲ್ಲರಿಗೂ ಇದ್ದ ಅಂಗಿ.

ಹಾಗೆಂದು ಎಲ್ಲ ಅಂಗಿಗಳ ವಿಷಯದಲ್ಲಿಯೂ ಹಣ ತೆರುವವರನ್ನು ಮೂರ್ಖರೆನ್ನಲಾರೆ. 1972ರ ಸೆಪ್ಟೆಂಬರ್ 28ರಂದು ಮಾಸ್ಕೋ ನಗರದಲ್ಲಿ ಕೆನಡಾ ಮತ್ತು ಸೋವಿಯೆತ್ ತಂಡಗಳ ಸರಣಿಯ ಎಂಟನೆಯ ಆಟ ಮುಗಿಯಲು ಮೂವತ್ತನಾಲ್ಕು ಸೆಕೆಂಡುಗಳಿದ್ದಾಗ ಪಾಲ್ ಹೆಂಡರ್ಸನ್ ಒಂದು ಗೋಲು ಹೊಡೆದ. ದೇಶಕ್ಕೆ ದೇಶವೇ ಕೆಲಸ ಬಿಟ್ಟು ನೋಡುತ್ತಿದ್ದ ಗಳಿಗೆ ಅದು. ಅಂದು ಅವನ ಮೈಮೇಲಿದ್ದ ಅಂಗಿಯನ್ನು ಅವನು ತಂಡದ ಪರಿಚಾರಕನಿಗೆ ಕೊಟ್ಟುಬಿಟ್ಟಿದ್ದ. 2010ರ ಹರಾಜಿನಲ್ಲಿ ಅದು ಹತ್ತು ಲಕ್ಷ ಡಾಲರುಗಳನ್ನು ಮೀರಿತು. ಕೊಂಡ ಕೆನಡಾದ ಶ್ರೀಮಂತರು ಅದನ್ನು ದೇಶದ ಊರೂರಿಗೂ ಕಳುಹಿಸಿ ಜನರಿಗೆ ತೋರಿಸಿದರು. 1988ರ ಮೇ 26ರಂದು ಗ್ರೆಟ್ಸ್ಕಿ ಎಡ್ಮಂಟನ್ ತಂಡದ ಪರವಾಗಿ ಕೊನೆಯ ಬಾರಿ ತೊಟ್ಟ ಅಂಗಿ 2022ರಲ್ಲಿ ಹದಿನಾಲ್ಕು ಲಕ್ಷ ಡಾಲರಿಗೂ ಮೇಲೆ ಹೋಯಿತು. ಇಂಥ ಅಂಗಿಗಳ ನಿಜವನ್ನು ಪರೀಕ್ಷಿಸುವ ಕ್ರಮವೂ ಸೊಗಸಾದುದು. ಅಂದಿನ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಎಲ್ಲಿ ಹರಿದಿದೆ, ಎಲ್ಲಿ ಹೊಲಿಗೆ ಹಾಕಿದೆ, ಕಪ್ಪು ಗೆರೆ ಎಲ್ಲಿ ಉಜ್ಜಿದೆ ಎಂದು ಒಂದೊಂದು ಗಾಯವನ್ನೂ ಹೋಲಿಸಿ ನೋಡುತ್ತಾರೆ. ಇವು ಒಂದೊಂದೇ ಆದದ್ದು ಯಾರ ವಾಗ್ದಾನದಿಂದಲೂ ಅಲ್ಲ. ಆ ಗಳಿಗೆ ಮರಳಿ ಬರುವುದಿಲ್ಲವಾದ್ದರಿಂದ. ಸೀಮಿತ ಆವೃತ್ತಿಯ ಸೀಮೆಯಾದರೋ ವರ್ತಕನು ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದದ್ದು. ಅವನು ತನ್ನ ಮಾತಿಗೆ ತಪ್ಪಬೇಕಾಗಿಯೂ ಇಲ್ಲ. ಬಿಳಿಯ ಅಂಗಿ ಐವತ್ತು ಮುಗಿಯಿತೆ? ನೀಲಿಯದು ಐವತ್ತು. ಅದೂ ಮುಗಿಯಿತೆ? ಸಹಿಯ ಜತೆಗೆ ಪ್ರಶಸ್ತಿಯ ವರ್ಷವನ್ನೂ ಬರೆದದ್ದು ಇನ್ನೈವತ್ತು. ಪ್ರತಿಯೊಂದು ಆವೃತ್ತಿಯೂ ಸೀಮಿತವೇ. ಆವೃತ್ತಿಗಳಿಗೆ ಮಾತ್ರ ಸೀಮೆಯಿಲ್ಲ.

ಸಹಿಯ ಮಾತು ಇನ್ನೂ ಸೂಕ್ಷ್ಮವಾದುದು. 1990ರ ದಶಕದಲ್ಲಿ ಅಮೆರಿಕದ ಎಫ್.ಬಿ.ಐ. 'ಆಪರೇಷನ್ ಬುಲ್‌ಪೆನ್' ಎಂಬ ಹೆಸರಿನಲ್ಲಿ ಕ್ರೀಡಾಪಟುಗಳ ಖೋಟಾ ಸಹಿಗಳ ಜಾಲವೊಂದನ್ನು ಭೇದಿಸಿತು. ಅಲ್ಲಿ ಸಿಕ್ಕ ಸರಕಿನಲ್ಲಿ ಮದರ್ ತೆರೇಸಾ ಅವರ ಸಹಿಯುಳ್ಳ ಬೇಸ್‌ಬಾಲ್ ಚೆಂಡುಗಳೂ ಇದ್ದುವಂತೆ! ಕೋಲ್ಕತ್ತೆಯ ಆ ತಾಯಿ ಯಾವಾಗ ಬೇಸ್‌ಬಾಲ್ ಹಿಡಿದರೆಂದು ಕೊಳ್ಳುವವರಿಗೆ ಕೇಳಬೇಕೆನಿಸಲಿಲ್ಲವೆ? ಪ್ರಮಾಣಪತ್ರವಿದ್ದರೆ ಸಾಕು, ಮನುಷ್ಯ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾನೆಂದು ತೋರುತ್ತದೆ. ಆ ಜಾಲದವರು ಪ್ರಮಾಣಪತ್ರಗಳನ್ನೂ ಖೋಟಾ ಮಾಡಿದ್ದರು. ಅಂದಿನಿಂದ ಸಾಕ್ಷಿ, ಹೊಲೊಗ್ರಾಂ, ಪರೀಕ್ಷಕ ಸಂಸ್ಥೆಗಳ ಮುದ್ರೆ, ಎಲ್ಲವೂ ಬಿಗಿಯಾದುವು. ಅದರ ಫಲವಾಗಿ ಇಂದು ಆಟಗಾರ ತನ್ನ ಕೈಯಾರೆ ಎದುರಿಗೆ ಹಾಕಿಕೊಟ್ಟ ಸಹಿಗೆ ಚೀಟಿಯಿಲ್ಲದಿದ್ದರೆ ಬೆಲೆ ಕಡಿಮೆ. ಹುಡುಗನೊಬ್ಬ ಚಳಿಯಲ್ಲಿ ಆಟದ ಬಯಲಿನ ಬಾಗಿಲಲ್ಲಿ ಎರಡು ಗಂಟೆ ಕಾದು ಪಡೆದ ಸಹಿಯನ್ನು ಪೇಟೆ ಅನುಮಾನಿಸುತ್ತದೆ. ಕಂಡೇ ಇರದವನು ಹಣ ತೆತ್ತು ತರಿಸಿದ್ದನ್ನು ನಂಬುತ್ತದೆ. ಇದು ವ್ಯಾಪಾರದ ದೃಷ್ಟಿಯಿಂದ ಸಮಂಜಸವೇ ಇರಬಹುದು. ಅಭಿಮಾನದ ದೃಷ್ಟಿಯಿಂದ ವಿಪರೀತ.

ಸಾವಿಗೂ ಈ ಪೇಟೆಯಲ್ಲಿ ಪಾತ್ರವುಂಟು. ಗೋಲುರಕ್ಷಕ ಟೆರಿ ಸಾಚುಕ್ 1970ರಲ್ಲಿ ತೀರಿಕೊಂಡ. ಟಿಮ್ ಹಾರ್ಟನ್ 1974ರಲ್ಲಿ ಮೋಟಾರು ಅಪಘಾತದಲ್ಲಿ ಮಡಿದ. ಸಹಿಯ ಅಂಗಿಗಳ ಈ ಭರಾಟೆ ಹುಟ್ಟುವ ಮೊದಲೇ ಹೋದವರಾದ್ದರಿಂದ ಅವರ ಕೈಬರಹಕ್ಕೆ ಸಹಜವಾದ ಅಭಾವವಿದೆ. ಬದುಕಿರುವ ಆಟಗಾರನಾದರೋ ಪ್ರತಿ ವಾರವೂ ಮೇಜಿನ ಮುಂದೆ ಕೂರಬಲ್ಲ. ಆದ್ದರಿಂದ ಸಂಗ್ರಾಹಕರ ಕೂಟಗಳಲ್ಲಿ ವೃದ್ಧ ಆಟಗಾರರ ಆರೋಗ್ಯವನ್ನು ವಿಚಾರಿಸುವ ಧ್ವನಿ ನನಗೆ ಅಷ್ಟು ಹಿತವೆನಿಸಲಿಲ್ಲ.

ಈಗ ಮಗನ ಅಂಗಿಗೆ ಬರೋಣ. ನಾನಿದ್ದಾಗಲೇ ಅವನಿಗೆ ಕೆಲಸದ ಕಡೆಯಿಂದ ಸ್ವಲ್ಪ ಬಿಕ್ಕಟ್ಟಾಯಿತು. ಅಂಗಿಯನ್ನು ಕೊಳ್ಳುವಾಗ, ಇದು ಮೊಮ್ಮಗನ ಓದಿಗೆ ಆಗುವ ಗಂಟು ಎಂದು ಅವನು ಸೊಸೆಗೆ ಹೇಳಿದ್ದನಂತೆ. ಅವಳು ಅದನ್ನು ಮರೆತಿರಲಿಲ್ಲ. ಇಬ್ಬರೂ ಚೌಕಟ್ಟನ್ನು ಕಂಬಳಿಯಲ್ಲಿ ಸುತ್ತಿ ಒಬ್ಬ ವ್ಯಾಪಾರಿಯ ಅಂಗಡಿಗೆ ಒಯ್ದೆವು. ಆತ ವಿನಯಶೀಲ. ಹೊಲೊಗ್ರಾಮಿನ ಸಂಖ್ಯೆಯನ್ನು ಹೋಲಿಸಿ ನೋಡಿ ಅಸಲಿಯೆಂದ. ಅನಂತರ, ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಯಾದ ಒಂದು ಮೊತ್ತವನ್ನು ಹೇಳಿದ. ಕಾರಣಗಳನ್ನು ಸಾವಧಾನವಾಗಿ ವಿವರಿಸಿದ. ಚೌಕಟ್ಟಿನ ಖರ್ಚು ಕೊಂಡವನ ಪಾಲಿಗೆ ಹೋದಂತೆಯೇ. ಸಾಗಿಸಲು ಅದು ತೊಂದರೆಯೂ ಹೌದು. 31 ಎಂಬ ಸಂಖ್ಯೆಗೆ ವಿಶೇಷವಿಲ್ಲ. ಕಿಟಕಿಯ ಬಿಸಿಲಿಗೆ ಶಾಯಿ ಒಂದಿಷ್ಟು ಕಂದಿದೆ. ಅದೇ ಆಟಗಾರನ ಬೇರೆ ಎರಡು ಆವೃತ್ತಿಗಳು ಈ ನಡುವೆ ಹೊರಬಂದಿವೆ. ಹರಾಜಿಗೆ ಹಾಕಿದರೆ ಹರಾಜಿನವರ ದಸ್ತೂರಿ ಬೇರೆ. ಅವನ ಮಾತಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಮಾರುವಾಗ ಮಗನಿಗೆ ಇವುಗಳಲ್ಲಿ ಒಂದನ್ನೂ ಯಾರೂ ಹೇಳಿರಲಿಲ್ಲ, ಅಷ್ಟೆ.

ಹಿಂದಿರುಗುವಾಗ ಕಾರಿನಲ್ಲಿ ನಾನು ಒಂದೆರಡು ಮಾತು ಹೆಚ್ಚಾಗಿಯೇ ಆಡಿದೆ. ಮಗ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ, ಈ ಊರಿಗೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ಎಲ್ಲರೂ ಬೆಳಿಗ್ಗೆ ಹಿಂದಿನ ರಾತ್ರಿಯ ಆಟದ ಮಾತನ್ನೇ ಆಡೋರು. ನಾನು ಕಾಫಿ ಹಿಡಕೊಂಡು ನಗ್ತಾ ನಿಂತಿರ್ತಿದ್ದೆ. ಆ ಅಂಗಿ ಗೋಡೆ ಮೇಲೆ ಬಂದ ಮೇಲೆ, ಮನೆಗೆ ಬಂದೋರು ಮೊದಲು ಅದರ ಮುಂದೆ ನಿಲ್ತಾರೆ, ಆಮೇಲೆ ನನ್ನ ಜೊತೆ ಮಾತಾಡ್ತಾರೆ" ಎಂದ.

ನನ್ನ ಬಳಿ ಉತ್ತರವಿರಲಿಲ್ಲ. ಅವನಿಗೂ ಬೇಕಾಗಿದ್ದುದು ಆ ಕಥೆಯ ಹುಡುಗನಿಗೆ ಬೇಕಾಗಿದ್ದ ಅಂಗಿಯೇ. ಪೇಟೆ ಅದನ್ನು ಐವತ್ತರಲ್ಲಿ ಒಂದೆಂದು ಹೇಳಿ ಅವನಿಗೆ ಮಾರಿತು. ಬೇಡಿಕೆ ಒಂದು, ಕೊಟ್ಟ ಸರಕು ಇನ್ನೊಂದು; ಬೆಲೆ ಮಾತ್ರ ಎರಡಕ್ಕೂ ಸೇರಿಸಿ.

ಈ ವ್ಯಾಪಾರವನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಗೋಡೆಯ ಮೇಲೆ ಏನನ್ನು ತೂಗುಹಾಕಬೇಕೆಂಬುದು ಮನೆಯವರ ಇಷ್ಟ. ಆದರೆ ಪ್ರಮಾಣಪತ್ರ ಕೊಡುವವರು ಅದರಲ್ಲಿ ಇನ್ನು ಎರಡು ಸಾಲು ಬರೆಯಲಿ ಎಂಬುದು ನನ್ನ ಬೇಡಿಕೆ: ಈ ಆಟಗಾರನ ಸಹಿಯುಳ್ಳ ಅಂಗಿಗಳನ್ನು ಎಲ್ಲ ಆವೃತ್ತಿಗಳನ್ನೂ ಸೇರಿಸಿ ಈವರೆಗೆ ಎಷ್ಟು ಮಾರಿದ್ದೇವೆ, ಮತ್ತು ಮುಂದೆ ಮಾರುವ ಹಕ್ಕು ನಮಗೆ ಎಷ್ಟು ವರ್ಷವಿದೆ. ಸಹಿಯ ಸತ್ಯಕ್ಕೆ ಸಾಕ್ಷಿ ನಿಲ್ಲಿಸುವವರಿಗೆ ಸಂಖ್ಯೆಯ ಸತ್ಯವನ್ನು ಹೇಳುವುದು ಕಷ್ಟವಾಗಬಾರದು. ಹೂಡಿಕೆ ಎಂಬ ಮಾತನ್ನಂತೂ ಅಂಗಿ ಮಾರುವವರು ಬಾಯಿಗೆ ತರಬಾರದು.

ಅಂಗಿಯನ್ನು ಮಾರಲಿಲ್ಲ. ಬಿಸಿಲು ಬೀಳದ ಗೋಡೆಗೆ ಅದನ್ನು ಬದಲಾಯಿಸಿದ್ದಾಯಿತು. ಮಗನ ಬಿಕ್ಕಟ್ಟೂ ಬೇರೆ ರೀತಿಯಲ್ಲಿ ನೀಗಿತು. ನಾನು ಹೊರಡುವ ಹಿಂದಿನ ದಿನ ಮೊಮ್ಮಗ ಬೀದಿಯ ಹುಡುಗರೊಡನೆ ಆಡಿ, ಕೆನ್ನೆ ಕೆಂಪಾಗಿ ಒಳಗೆ ಬಂದ. ಮೈಮೇಲೆ ಅಳತೆಗಿಂತ ದೊಡ್ಡದಾದ ಒಂದು ಹಳೆಯ ಜೆರ್ಸಿ; ಬೆನ್ನ ಮೇಲೆ ಯಾವನೋ ಅಪರಿಚಿತನ ಹೆಸರು. ನೆರೆಮನೆಯವರು ಸಾಮಾನು ಖಾಲಿಮಾಡುವಾಗ ಕೊಂಡದ್ದಂತೆ.

"ಎಷ್ಟು ಕೊಟ್ಟೆಯೋ ಇದಕ್ಕೆ?" ಎಂದೆ.

"ಐದು ಡಾಲರ್ ತಾತ. ತೋಳು ಹರಿದಿತ್ತು, ಅಮ್ಮ ಹೊಲಿದುಕೊಟ್ಟರು" ಎಂದು, ನೀರು ಕುಡಿದು ಮತ್ತೆ ಓಡಿದ.