ವರ್ಕ್‌ಶಾಪಿನ ಬುದ್ಧಿ, ಲ್ಯಾಬಿನ ತಾಳ್ಮೆ

ತರೀಕೆರೆ ಸೀಮೆಯ ಅಡಿಕೆ ಮನೆಗಳಲ್ಲಿ ಮೆಟ್ಟುಗತ್ತಿ ಹಿಡಿದು ರಾತ್ರಿಯಿಡೀ ಕೂರುವವರು ಈಗ ಕಡಿಮೆ. ಸುಲಿಯುವ ಯಂತ್ರ ಬಂದಿದೆ. ಅದನ್ನು ತಿದ್ದಿ ತೀಡಿದ್ದು ಬಹುಮಟ್ಟಿಗೆ ಸಣ್ಣ ವರ್ಕ್‌ಶಾಪುಗಳೇ. ಬ್ಲೇಡು ಅಡಿಕೆಗೆ ಗಾಯ ಮಾಡಿದರೆ ಫಸಲು ಗುತ್ತಿಗೆ ಹಿಡಿದ ಖೇಣಿದಾರ ಸಂಜೆಗೇ ಫೋನ್ ಮಾಡಿ ಬೈಯುತ್ತಾನೆ, ಮರುದಿನ ಬ್ಲೇಡಿನ ಅಂತರ ಬದಲಾಗುತ್ತದೆ. ವಿಶ್ವವಿದ್ಯಾಲಯಕ್ಕೆ ಈ ಓಟ ಒಗ್ಗದು. ಒಪ್ಪಂದಕ್ಕೆ ಸಹಿ ಬೀಳುವಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ. ಯಂತ್ರ ಕಟ್ಟಿದ ವಿದ್ಯಾರ್ಥಿ ಪ್ರಬಂಧ ಒಪ್ಪಿಸಿ ಬೆಂಗಳೂರಿನ ಬಸ್ಸು ಹತ್ತಿರುತ್ತಾನೆ.

ಅಡಿಕೆಯ ಕೊಳೆರೋಗದ ಕತೆ ಬೇರೆ. ಮಳೆಗೆ ಮುನ್ನ ಗೊನೆಗೆ ಕೊಟ್ಟೆ ಕಟ್ಟುವ ಉಪಾಯ ಮಲೆನಾಡಿನ ಬೆಳೆಗಾರರದೇ, ಜಾಣತನದ್ದೇ. ರೋಗದ ಮೂಲ ಮಾತ್ರ ಯಾರಿಗೂ ಗೊತ್ತಿರಲಿಲ್ಲ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ 1910ರಲ್ಲಿ ಅದಕ್ಕೆ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಕಾರಣ ಎಂದು ತೋರಿಸಿದರು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಸಿದರು. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಎಂಬ ಲೆಕ್ಕ ಇವತ್ತಿಗೂ ತೋಟದವರ ಬಾಯಲ್ಲಿದೆ. ಇಂಥದ್ದು ಗ್ರೈಂಡರಿನ ಮುಂದೆ ಹೊಳೆಯುವುದಿಲ್ಲ.

ಹಾಗೆಂದು ಲ್ಯಾಬನ್ನು ಪೂರ್ತಿ ನಂಬುವಂತೆಯೂ ಇಲ್ಲ. ಹಳದಿ ಎಲೆ ರೋಗ ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡಿತ್ತು. ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಎಂದಾಯಿತು, ವಾಸಿ ಮಾಡುವ ಮದ್ದು ಈಗಲೂ ಇಲ್ಲ. ನೆಲದ ತೊಡಕೂ ಇದೆ. ಕೆಳದಿ ಶಿವಪ್ಪ ನಾಯಕ ಕೃಷಿ ವಿಶ್ವವಿದ್ಯಾಲಯದ ಮೂಡಿಗೆರೆ ಸಂಶೋಧನಾ ಕೇಂದ್ರ ಇರುವುದು ಮಲೆನಾಡಿನಲ್ಲಿ. ತರೀಕೆರೆ ಅರೆಮಲೆನಾಡು, ಕಡೂರು ಒಣ ವಲಯ. ಅಲ್ಲಿನ ಶಿಫಾರಸು ಇಲ್ಲಿನ ಕೊಳವೆಬಾವಿ ತೋಟಕ್ಕೆ ಹಾಗೇ ಕೂರದು.

ವರ್ಕ್‌ಶಾಪಿನ ದೌರ್ಬಲ್ಯವೂ ಸಣ್ಣದಲ್ಲ. ಗುಟ್ಟೆಲ್ಲ ಒಬ್ಬ ಮೇಸ್ತ್ರಿಯ ತಲೆಯಲ್ಲಿ. ಅವನು ಬಿಟ್ಟುಹೋದರೆ ಯಂತ್ರವೂ ಹೋಯಿತು, ಉಳಿದರೆ ಪಕ್ಕದೂರಿನವನು ನಕಲು ಮಾಡುತ್ತಾನೆ. ಬೆರಳು ಸಿಗದಂತೆ ಕಾಯುವ ವಿನ್ಯಾಸ, ಗಂಟೆಗೆ ಎಷ್ಟು ಅಡಿಕೆ ಹಾಳಾಯಿತೆಂಬ ಅಳತೆ, ಇವಕ್ಕೆ ಅಲ್ಲಿ ಯಾರಿಗೂ ಪುರಸೊತ್ತಿಲ್ಲ. ವಿಶ್ವವಿದ್ಯಾಲಯ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲೇ.

ನನ್ನ ಲೆಕ್ಕದಲ್ಲಿ ಒಂದು ಕೊಯ್ಲಿನಲ್ಲಿ ಪರೀಕ್ಷಿಸಬಹುದಾದದ್ದನ್ನು ವರ್ಕ್‌ಶಾಪೇ ನೋಡಿಕೊಳ್ಳಲಿ, ವರ್ಷಗಟ್ಟಲೆ ಹಿಡಿಯುವುದನ್ನು ವಿಶ್ವವಿದ್ಯಾಲಯಕ್ಕೆ ಒಯ್ಯಲಿ. ಒಯ್ಯುವ ಮುನ್ನ ಒಂದು ಷರತ್ತು ಬರೆಸಿಕೊಳ್ಳಬೇಕು: ಪೇಟೆಂಟ್ ಅರ್ಜಿ ಮೊದಲು, ಪ್ರಾಧ್ಯಾಪಕರ ಲೇಖನ ಆಮೇಲೆ. ಲೇಖನ ಮೊದಲು ಅಚ್ಚಾದರೆ ಹಕ್ಕು ಸಿಗುವುದು ಕಷ್ಟ.